ಬ್ಲೋವರ್ ನಿಂತಾಗಲೇ ಹಿಡಿಯಿರಿ, ಮೋಟರ್ ವಿಚಾರ ಆಮೇಲೆ

ಅಣ್ಣಾ, ನೀವು ಹೇಳಿದ್ದು ಇಷ್ಟು. 2005ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಬ್ ತಿರುಗಿಸುವ ಮಾಮೂಲಿ ಎಸಿ, ಗಾಳಿ ಊದುವ ಫ್ಯಾನ್ ಅಂದರೆ ಬ್ಲೋವರ್‌ಗೆ ನಾಲ್ಕು ಸ್ಪೀಡ್. ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವಾಗ ಅರ್ಧ ದಾರಿಯಲ್ಲಿ ಗಾಳಿ ನಿಂತುಹೋಗುತ್ತದೆ. ಗುಂಡಿಗೆ ಬಿದ್ದು ಕಾರು ಕುಲುಕಿದರೆ ಒಮ್ಮೊಮ್ಮೆ ತಾನಾಗಿ ಶುರುವಾಗುತ್ತದೆ. ಗ್ಯಾರೇಜಿಗೆ ಒಯ್ದರೆ ಏನೂ ಆಗದವರ ಹಾಗೆ ಓಡುತ್ತದೆ. ಮೆಕ್ಯಾನಿಕ್ ಮೋಟರ್ ಬದಲಿಸಿಬಿಡಿ ಅಂದಿದ್ದಾರೆ.

ಮೋಟರ್ ಹೋಗಿರಲೂಬಹುದು. ಆದರೆ ಈ ವಯಸ್ಸಿನ ಕಾರಿನಲ್ಲಿ ಮೋಟರಿನಷ್ಟೇ ಕೈಕೊಡುವುದು ಅದಕ್ಕೆ ಕರೆಂಟು ಮುಟ್ಟಿಸುವ ದಾರಿ. ಕಪ್ಲರ್ (ವಯರುಗಳನ್ನು ಜೋಡಿಸುವ ಪ್ಲಗ್), ರೆಸಿಸ್ಟರ್ (ಫ್ಯಾನಿನ ಸ್ಪೀಡ್ ತಗ್ಗಿಸುವ ಭಾಗ), ಸ್ವಿಚ್, ಅರ್ತ್ (ಕರೆಂಟು ಕಾರಿನ ಬಾಡಿಗೆ ವಾಪಸ್ ಹೋಗುವ ಜೋಡಣೆ). ಮೋಟರ್ ಬದಲಿಸುವಾಗ ಹೇಗೂ ಕಪ್ಲರ್ ಬಿಚ್ಚಿ ಹಾಕುತ್ತಾರೆ. ಒಳಗಿನ ಪಿನ್ ಸ್ವಲ್ಪ ಉಜ್ಜಿಕೊಂಡು ಮತ್ತೆ ಕೂರುತ್ತದೆ. ಕೆಲವು ವಾರ ಎಲ್ಲ ಚೆನ್ನಾಗಿರುತ್ತದೆ. ಹೊಸ ಮೋಟರಿನಿಂದ ಸರಿಹೋಯಿತು ಅಂದುಕೊಳ್ಳುತ್ತೇವೆ. ಆಮೇಲೆ ಮತ್ತೆ ಅದೇ ರಾಗ. ಅದಕ್ಕೇ ಬ್ಲೋವರ್ ನಿಂತಿರುವಾಗ ಪರೀಕ್ಷೆ ಮಾಡಬೇಕು. ಓಡುತ್ತಿರುವ ಬ್ಲೋವರ್ ನೋಡಿ ಯಾರು ಏನು ಹೇಳಿದರೂ ಅದು ಅಂದಾಜು ಅಷ್ಟೇ.

ಅದಕ್ಕೂ ಮೊದಲು ಒಂದು ಪ್ರಶ್ನೆ. ಗಾಳಿ ನಿಂತಾಗ ಬ್ಲೋವರಿನ ಸದ್ದೂ ನಿಲ್ಲುತ್ತದಾ? ಸದ್ದು ಹಾಗೇ ಇದ್ದು ಗಾಳಿ ಮಾತ್ರ ಕಮ್ಮಿಯಾಗುತ್ತಾ ಬಂದರೆ ಇದು ಬ್ಲೋವರಿನ ಕಾಯಿಲೆಯೇ ಅಲ್ಲ. ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟಿಕೊಂಡು ಗಾಳಿಗೆ ದಾರಿ ಮುಚ್ಚಿದೆ ಅಂತ ಅರ್ಥ. ಎಸಿ ಬಟನ್ ಆಫ್ ಮಾಡಿ ಬರೀ ಫ್ಯಾನ್ ಓಡಿಸಿ. ಹತ್ತು ಹದಿನೈದು ನಿಮಿಷದಲ್ಲಿ ಗಾಳಿ ವಾಪಸ್ ಬಂದು, ಕಾರಿನ ಅಡಿ ಜಾಸ್ತಿ ನೀರು ಸುರಿದರೆ ಅದೇ. ಆಗ ನೋಡಬೇಕಾದ್ದು ಕಾಯಿಲ್ ಬಳಿಯ ಥರ್ಮೋಸ್ಟಾಟ್ ಸೆನ್ಸರ್, ಗ್ಯಾಸ್ ಮಟ್ಟ, ಕಾಯಿಲ್‌ಗೆ ಮೆತ್ತಿದ ಕಸ. ಮುಂದಿನದ್ದು ನಿಮಗೆ ಬೇಕಿಲ್ಲ. ಆದರೆ ಕುಲುಕಿದಾಗ ಶುರುವಾಗುತ್ತದೆ ಅಂದಿದ್ದೀರಲ್ಲ, ಹಾಗಾಗಿ ನಿಮ್ಮದು ಐಸ್ ಇರಲಿಕ್ಕಿಲ್ಲ.

ಇನ್ನೊಂದು ಸುಳಿವು ಸ್ಪೀಡಿನಲ್ಲಿದೆ. 1, 2, 3 ಸತ್ತು 4 ಮಾತ್ರ ಓಡಿದರೆ ನೇರವಾಗಿ ರೆಸಿಸ್ಟರ್ ನೋಡಿ. ಕೆಳಗಿನ ಸ್ಪೀಡುಗಳಿಗೆ ಕರೆಂಟು ರೆಸಿಸ್ಟರ್ ಸುರುಳಿಗಳ ಮೂಲಕ ಹೋಗುತ್ತದೆ, ನಾಲ್ಕಕ್ಕೆ ಸುರುಳಿ ದಾಟದೆ ಹೋಗುತ್ತದೆ. ರೆಸಿಸ್ಟರ್ ಮೇಲೆ ಸಾಮಾನ್ಯವಾಗಿ ಒಂದು ಥರ್ಮಲ್ ಫ್ಯೂಸ್ (ಬಿಸಿ ಮಿತಿಮೀರಿದರೆ ಕರೆಂಟು ಕಡಿಯುವ ಫ್ಯೂಸ್) ಇರುತ್ತದೆ. ಅದು ಒಮ್ಮೆ ಹಾರಿದರೆ ಮುಗಿಯಿತು, ಆದರೆ ಅದರ ಬೆಸುಗೆ ಬಿರುಕು ಬಿಟ್ಟರೆ ಬಿಟ್ಟು ಬಿಟ್ಟು ಓಡುತ್ತದೆ. ಥರ್ಮಲ್ ಫ್ಯೂಸ್ ತೆಗೆದು ತಂತಿ ಸುತ್ತಿ ಕೊಡುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಸುರುಳಿ ತಣ್ಣಗಾಗುವುದೇ ಬ್ಲೋವರಿನ ಗಾಳಿಯಿಂದ. ಮೋಟರ್ ಜಾಮ್ ಆದ ದಿನ ಗಾಳಿ ಇರುವುದಿಲ್ಲ, ಕರೆಂಟು ಮಾತ್ರ ಹರಿಯುತ್ತಿರುತ್ತದೆ, ಸುತ್ತ ಇರುವುದೆಲ್ಲ ಪ್ಲಾಸ್ಟಿಕ್ಕು ಮತ್ತು ಒಣಗಿದ ಎಲೆ. ನಾಲ್ಕೂ ಸ್ಪೀಡ್ ಒಟ್ಟಿಗೆ ನಿಲ್ಲುತ್ತಿದ್ದರೆ ರೆಸಿಸ್ಟರನ್ನು ಸದ್ಯಕ್ಕೆ ಬಿಡಿ.

ಈಗ ಅಸಲು ಕೆಲಸ. ಎಡಗಡೆ ಸೀಟಿನ ಮುಂದೆ, ಗ್ಲೋವ್ ಬಾಕ್ಸ್ ಕೆಳಗೆ ಅಥವಾ ಹಿಂದೆ ಬ್ಲೋವರ್ ಮೋಟರ್ ಇರುತ್ತದೆ. ಗ್ಲೋವ್ ಬಾಕ್ಸ್ ಬಿಚ್ಚಿ ಕೆಳಗೆ ತಲೆ ಹಾಕಿದರೆ ಎರಡು ವಯರಿನ ಕಪ್ಲರ್ ಕಾಣುತ್ತದೆ. ಅದನ್ನು ಕಳಚಬೇಡಿ. ಕಳಚಿ ಹಾಕಿದರೆ ಕಾಂಟ್ಯಾಕ್ಟ್ ಸರಿಯಾಗಿ, ನೀವು ಹುಡುಕುತ್ತಿರುವ ಕಾಯಿಲೆ ಅಲ್ಲೇ ಮಾಯವಾಗುತ್ತದೆ. ಕಪ್ಲರ್ ಹಿಂಬದಿಯಿಂದ, ವಯರ್ ಒಳಗೆ ಹೋಗುವ ಸಂದಿಯಲ್ಲಿ ಗುಂಡುಪಿನ್ನನ್ನು ಮೆಲ್ಲಗೆ ತೂರಿಸಿ. ಎರಡು ಪಿನ್ ಒಂದಕ್ಕೊಂದು ತಾಗಬಾರದು, ಕಬ್ಬಿಣಕ್ಕೂ ತಾಗಬಾರದು. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಪ್ರೋಬನ್ನು ಪೇಂಟ್ ಇಲ್ಲದ ಬಾಡಿ ಬೋಲ್ಟಿಗೆ, ಕೆಂಪನ್ನು ಅಳೆಯಬೇಕಾದ ವಯರಿನ ಗುಂಡುಪಿನ್ನಿಗೆ ಹಿಡಿಯಿರಿ.

ಮೊದಲು ಬ್ಲೋವರ್ ಚೆನ್ನಾಗಿ ಓಡುತ್ತಿರುವಾಗ, 4ನೇ ಸ್ಪೀಡಿನಲ್ಲಿ, ಎರಡೂ ವಯರಿನ ವೋಲ್ಟೇಜ್ ಬರೆದಿಟ್ಟುಕೊಳ್ಳಿ. ಆಮೇಲೆ 1ನೇ ಸ್ಪೀಡಿನಲ್ಲಿ. ಜಪಾನಿ ವಿನ್ಯಾಸದ ಹಳೆಯ ಕಾರುಗಳಲ್ಲಿ ಬಹುಪಾಲು, ಮೋಟರಿನ ಒಂದು ವಯರಿಗೆ ಕೀ ತಿರುಗಿಸಿದಾಗಿನಿಂದ ಬ್ಯಾಟರಿ ವೋಲ್ಟೇಜ್ ಇದ್ದೇ ಇರುತ್ತದೆ. ಸ್ವಿಚ್ಚೂ ರೆಸಿಸ್ಟರೂ ಅರ್ತ್ ಕಡೆ ಇರುತ್ತವೆ. ಅಂದರೆ ನೀವು ಸ್ಪೀಡ್ ಬದಲಿಸಿದಾಗ ಒಂದು ವಯರ್ ಅಲುಗಾಡದೆ 12-13 ವೋಲ್ಟಿನಲ್ಲಿ ನಿಲ್ಲುತ್ತದೆ, ಇನ್ನೊಂದರದ್ದು ಮಾತ್ರ ಏರಿಳಿಯುತ್ತದೆ. 4ರಲ್ಲಿ ಸೊನ್ನೆಯ ಹತ್ತಿರ, 1ರಲ್ಲಿ ಮೇಲೆ. ನಿಮ್ಮದು ಹೀಗೇ ಇದೆಯಾ ಅಂತ ಇಲ್ಲೇ ಗೊತ್ತಾಗುತ್ತದೆ. ಕೆಲವು ಕಾರುಗಳಲ್ಲಿ ಸ್ವಿಚ್ ಪ್ಲಸ್ ಕಡೆ ಇರುತ್ತದೆ, ಆಗ ಲೆಕ್ಕ ಉಲ್ಟಾ. ಮುಂದಿನ ಮಾತೆಲ್ಲ ಅರ್ತ್ ಕಡೆ ಸ್ವಿಚ್ ಇರುವ ಕಾರಿನದ್ದು.

ಬ್ಲೋವರ್ ನಿಂತಾಗ ನಾಬ್ 4ರಲ್ಲೇ ಇರಲಿ, ಎರಡೂ ವಯರ್ ಮತ್ತೆ ಅಳೆಯಿರಿ. ಒಂದರಲ್ಲಿ 12, ಇನ್ನೊಂದರಲ್ಲಿ ಸೊನ್ನೆ ಹತ್ತಿರ ಬಂದರೆ ಕರೆಂಟು ಬಂದಿದೆ, ಹೋಗಲು ದಾರಿಯೂ ಇದೆ, ಆದರೂ ಮೋಟರ್ ತಿರುಗುತ್ತಿಲ್ಲ. ಮೋಟರಿನದ್ದೇ ತಪ್ಪು, ಇಲ್ಲವೇ ಕಪ್ಲರಿನೊಳಗೆ ಮೋಟರ್ ಕಡೆಯ ಪಿನ್ ಹಿಡಿದಿಲ್ಲ. ಎರಡರಲ್ಲೂ 12 ಬಂದರೆ ಮೋಟರ್ ತನಕ ಮತ್ತು ಮೋಟರ್ ದಾಟಿ ಎಲ್ಲ ಸರಿಯಿದೆ, ಅರ್ತ್ ಕಡೆ ಎಲ್ಲೋ ತುಂಡಾಗಿದೆ. ಸ್ವಿಚ್, ಅದರ ಕಪ್ಲರ್, ಅಥವಾ ಡ್ಯಾಶ್‌ಬೋರ್ಡ್ ಕೆಳಗಿನ ಅರ್ತ್ ಬೋಲ್ಟ್. ಎರಡರಲ್ಲೂ ಸೊನ್ನೆಯಾದರೆ ಫ್ಯೂಸ್, ರಿಲೇ (ಕರೆಂಟಿನಿಂದಲೇ ಆನ್ ಆಫ್ ಆಗುವ ಸಣ್ಣ ಸ್ವಿಚ್ ಡಬ್ಬಿ), ಇಗ್ನಿಷನ್ ಸ್ವಿಚ್ ಕಡೆ ಹೋಗಿ. ಫ್ಯೂಸ್ ಹಾರದಿದ್ದರೂ ಅದರ ಕಾಲುಗಳು ಕಪ್ಪಾಗಿವೆಯಾ ನೋಡಿ. ರಿಲೇ ಇದ್ದರೆ ಅದೇ ನಂಬರಿನ ಇನ್ನೊಂದನ್ನು, ಹಾರ್ನಿನದೋ ಫಾಗ್ ಲ್ಯಾಂಪಿನದೋ, ಅದಲು ಬದಲು ಮಾಡಿ ಎರಡು ದಿನ ಓಡಿಸಿ ನೋಡಬಹುದು. ಈ ಮೂರರ ಪೈಕಿ ನಿಮ್ಮದು ಯಾವುದು ಅಂತ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಅದು ನಿಲ್ಲುವುದು ಹೈವೇ ಮೇಲೆ, ಗ್ಯಾರೇಜಿನಲ್ಲಿ ಅಲ್ಲ ಅನ್ನುತ್ತೀರಿ. ಸರಿ. ಗುಂಡುಪಿನ್ ತೂರಿಸಿದ ಆ ಎರಡು ಜಾಗದಿಂದ ತೆಳುವಾದ ವಯರ್ ಎಳೆದುಕೊಳ್ಳಿ. ಪ್ರತಿ ವಯರಿನ ಬುಡದಲ್ಲಿ 1 ಆಂಪಿಯರಿನ ಫ್ಯೂಸ್ ಹಾಕಿ, ಜಾಯಿಂಟಿಗೆ ಟೇಪ್ ಸುತ್ತಿ. ತುದಿಯನ್ನು ಎಡ ಸೀಟಿನ ತನಕ ತಂದು ಮೀಟರ್ ಅಲ್ಲೇ ಇಡಿ. ಪಕ್ಕದಲ್ಲಿ ಕೂತವರು ನೋಡಲಿ, ನೀವು ರಸ್ತೆ ನೋಡಿ. ಗಾಳಿ ನಿಂತ ಕೂಡಲೇ ಎರಡು ಅಂಕಿ ಫೋನಿನಲ್ಲಿ ಬರೆದುಕೊಂಡರೆ ಸಾಕು. ಹಾಗೇ ಎಸಿ ಬಟನ್ ಆಫ್ ಮಾಡಿ. ಗಾಳಿಯಿಲ್ಲದೆ ಕಂಪ್ರೆಸರ್ ಓಡಿಸುವುದು ಬೇಡ.

ಕೆಲವರು ಕಪ್ಲರ್ ಬಿಚ್ಚಿ, ಮೀಟರ್ ಇಟ್ಟು, 12 ವೋಲ್ಟ್ ಬರುತ್ತಿದೆ, ಹಾಗಾಗಿ ವಯರಿಂಗ್ ಓಕೆ, ಮೋಟರ್ ಹೋಗಿದೆ ಅನ್ನುತ್ತಾರೆ. ಇದಕ್ಕೆ ಬೆಲೆಯಿಲ್ಲ. ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕಿಲ್ಲದಷ್ಟು. ವಯರಿನ ಎಲ್ಲ ಎಳೆ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರಿನಲ್ಲಿ 12 ಬರುತ್ತದೆ. ಮೋಟರ್ ಕೇಳುವುದು ಹತ್ತಕ್ಕೂ ಜಾಸ್ತಿ ಆಂಪಿಯರ್. ಆ ಭಾರ ಬಿದ್ದಾಗಲೇ ಕಾಂಟ್ಯಾಕ್ಟಿನ ಬಣ್ಣ ಬಯಲಾಗುವುದು. ಮೀಟರ್ ಇಲ್ಲದಿದ್ದರೆ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವಯರ್ ಬೆಸೆದುಕೊಳ್ಳಿ. ಅದು 2 ಆಂಪಿಯರಿನ ಹತ್ತಿರ ಎಳೆಯುತ್ತದೆ. ಬಿಚ್ಚಿದ ಕಪ್ಲರಿಗೆ ಮೀಟರಿಗಿಂತ ಅದೇ ನಂಬಿಕಸ್ಥ.

ಕಪ್ಲರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ನನಗೆ ಅನುಮಾನ ಇರುವುದೇ ಅದರ ಮೇಲೆ. ಹಳೆಯ ಪಿನ್ನಿನ ಸ್ಪ್ರಿಂಗ್ ಹಿಡಿತ ಸಡಿಲವಾಗಿ, ಮೇಲೆ ಕರಕಲು ಪದರ ಕೂತು, ಅಲ್ಲಿ 0.2 ಓಮ್ ಅಡ್ಡಿ ಬಂತು ಅಂದುಕೊಳ್ಳಿ. ಕೇಳಲು ಏನೂ ಅಲ್ಲ. ಆದರೆ 12 ಆಂಪಿಯರ್ ಹರಿದರೆ ಅಲ್ಲಿ 2.4 ವೋಲ್ಟ್ ಕಳೆದುಹೋಗುತ್ತದೆ, ಸುಮಾರು 29 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದ್ದು. ಅಂಥದ್ದೊಂದನ್ನು ಪ್ಲಾಸ್ಟಿಕ್ ಕಪ್ಲರಿನೊಳಗೆ ಸಿಕ್ಕಿಸಿಟ್ಟ ಹಾಗಾಯಿತು. ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಇನ್ನೂ ಜರುಗುತ್ತದೆ, ಅಡ್ಡಿ ಇನ್ನೂ ಏರುತ್ತದೆ. ಬಿಸಿಯಾದಾಗ ಬಿಟ್ಟುಕೊಳ್ಳುತ್ತದೆ, ತಣ್ಣಗಾದಾಗ ಅಥವಾ ಕುಲುಕಿದಾಗ ಹಿಡಿದುಕೊಳ್ಳುತ್ತದೆ. ನಿಮ್ಮ ಕಾರಿನ ವರ್ತನೆಯೂ ಹೀಗೇ ಇದೆ ಅಲ್ವಾ? ಅರ್ಧ ಗಂಟೆ ನಾಲ್ಕರಲ್ಲಿ ಓಡಿಸಿ, ಕಪ್ಲರನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳಿಡಲು ಆಗದಿದ್ದರೆ ಅದೇ ಕಳ್ಳ. ಆಮೇಲೆ ಕಳಚಿ ನೋಡಿ. ಬಿಳಿ ಪ್ಲಾಸ್ಟಿಕ್ ಒಂದು ತೂತಿನ ಸುತ್ತ ಮಾತ್ರ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಆ ಪಿನ್ನಿನ ಹೊಳಪು ಹೋಗಿ ಮಸಿ ಬಣ್ಣ ಬಂದಿರುತ್ತದೆ, ವಯರಿನ ತೊಗಟೆ ಒಂದಿಂಚು ಗಟ್ಟಿಯಾಗಿರುತ್ತದೆ. ಸ್ವಿಚ್ಚಿನ ಹಿಂದಿನ ಕಪ್ಲರ್, ರೆಸಿಸ್ಟರ್ ಕಪ್ಲರ್ ಎರಡನ್ನೂ ಹೀಗೇ ನೋಡಿ.

ಸುಟ್ಟಿದ್ದರೆ ಕಾಂಟ್ಯಾಕ್ಟ್ ಸ್ಪ್ರೇ ಹೊಡೆದು ಮುಗಿಸಬೇಡಿ. ಸ್ಪ್ರಿಂಗ್ ಹಿಡಿತ ಹೋದ ಪಿನ್ ಎಷ್ಟು ತೊಳೆದರೂ ಹಿಡಿಯುವುದಿಲ್ಲ. ಗಟ್ಟಿಯಾದ ವಯರನ್ನು ಮೆತ್ತಗಿರುವ ಜಾಗದ ತನಕ ಕತ್ತರಿಸಿ, ಅಷ್ಟೇ ದಪ್ಪದ ವಯರ್ ಜೋಡಿಸಿ, ಹೊಸ ಕಪ್ಲರ್ ಹಾಕಿಸಿ. ಕಾರಿನ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗುವವರಿದ್ದರೆ ಹಳೆಯ ಕಪ್ಲರ್ ಕೊಟ್ಟು ಕಳಿಸಿ, ಜೋಡಿ ಸಿಗಬಹುದು. ಎರಡೂ ಬದಿ ಬದಲಿಸಿ. ಸುಟ್ಟ ಪಿನ್ನಿಗೆ ಹೊಸ ಕಪ್ಲರ್ ಹಾಕಿದರೆ ಹೊಸದೂ ಸುಡುತ್ತದೆ.

ಸುಟ್ಟ ಕಪ್ಲರ್ ಸಿಕ್ಕ ಕೂಡಲೇ ಮೋಟರಿಗೆ ಕ್ಲೀನ್ ಚಿಟ್ ಕೊಡಬೇಡಿ. ಬುಷ್ (ಮೋಟರಿನ ಶಾಫ್ಟ್ ಕೂರುವ ಬಳೆ) ಒಣಗಿ ಬಿಗಿಯಾದ ಮೋಟರ್ ಜಾಸ್ತಿ ಕರೆಂಟು ಎಳೆಯುತ್ತದೆ, ಕಪ್ಲರ್ ಸುಡಲು ಅದೇ ಕಾರಣ ಇರಬಹುದು. ಕ್ಲ್ಯಾಂಪ್ ಮೀಟರ್ (ವಯರಿನ ಸುತ್ತ ಹಿಡಿದು ಕರೆಂಟು ಅಳೆಯುವ ಮೀಟರ್) ಇರುವ ಎಲೆಕ್ಟ್ರಿಷಿಯನ್ ಹತ್ತಿರ 4ನೇ ಸ್ಪೀಡಿನ ಕರೆಂಟು ಅಳೆಸಿ. ಡಿಸಿ ಅಳೆಯುವ ಕ್ಲ್ಯಾಂಪೇ ಆಗಬೇಕು. ಬ್ಲೋವರಿನ ಫ್ಯೂಸ್ ಎಷ್ಟರದ್ದು ಅಂತ ಡಬ್ಬಿಯ ಮುಚ್ಚಳದಲ್ಲಿ ಬರೆದಿರುತ್ತದೆ. ಓಡುವಾಗಿನ ಕರೆಂಟು ಆ ಅಂಕಿಯ ಹತ್ತಿರ ಹತ್ತಿರ ಇದ್ದರೆ ಮೋಟರ್ ಬಿಚ್ಚಲೇಬೇಕು. ದೊಡ್ಡ ಫ್ಯೂಸ್ ಹಾಕುವ ಯೋಚನೆ ಮಾತ್ರ ಬೇಡ.

ತಟ್ಟಿ ನೋಡುವ ಪರೀಕ್ಷೆಯೂ ಇದೆ. ನಿಂತಿರುವಾಗ ಸ್ಕ್ರೂಡ್ರೈವರ್ ಹಿಡಿಯಿಂದ ಮೋಟರಿನ ಬೆನ್ನಿಗೆ ತಟ್ಟಿದರೆ ಶುರುವಾಗುತ್ತದೆ, ಆಗ ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಬ್ರಶ್) ಸವೆದಿದೆ ಅನ್ನುತ್ತಾರೆ. ಬಹುಸಲ ನಿಜವೇ. ಆದರೆ ತಟ್ಟಿದಾಗ ಕಪ್ಲರೂ ಅಲುಗುತ್ತದೆ. ಮೊದಲು ಮೋಟರ್ ಮುಟ್ಟದೆ ವಯರ್ ಮಾತ್ರ ಅಲುಗಾಡಿಸಿ, ಅದಕ್ಕೆ ಶುರುವಾಗದಿದ್ದರೆ ಆಮೇಲೆ ತಟ್ಟಿ.

ಕಾರ್ಬನ್ನೇ ಆಗಿದ್ದರೆ ಹೊಸ ಮೋಟರ್ ಬೇಕೇ ಬೇಕು ಅಂತಿಲ್ಲ. ಹಳೆಯ ಮೋಟರುಗಳಲ್ಲಿ ಎಷ್ಟೋ ಬಿಚ್ಚಲು ಬರುತ್ತವೆ. ವೈಂಡಿಂಗ್ ಅಂಗಡಿಯವರು ಅಳತೆಗೆ ಹೊಂದುವ ಕಾರ್ಬನ್ ಕೊಡುತ್ತಾರೆ, ಬೇಕಿದ್ದರೆ ಉಜ್ಜಿ ಹೊಂದಿಸುತ್ತಾರೆ. ಕಾರ್ಬನ್ ತಾಗುವ ತಾಮ್ರದ ಭಾಗವಾದ ಕಮ್ಯುಟೇಟರನ್ನು ನುಣುಪು ಸ್ಯಾಂಡ್ ಪೇಪರಿನಿಂದ ಉಜ್ಜಿ, ತಾಮ್ರದ ಪಟ್ಟಿಗಳ ನಡುವಿನ ಕಪ್ಪು ಪುಡಿಯನ್ನು ಚೂಪುಗಡ್ಡಿಯಿಂದ ತೆಗೆಯಬೇಕು. ಬುಷ್‌ಗೆ ಹೊಲಿಗೆ ಮಿಷನ್ ಎಣ್ಣೆ ಒಂದೆರಡು ಹನಿ ಸಾಕು. ಜಾಸ್ತಿ ಬಿಟ್ಟರೆ ಅದು ಕಾರ್ಬನ್ ಪುಡಿ ಜತೆ ಸೇರಿ ಕೆಸರಾಗುತ್ತದೆ.

ಹಾಗೇ ಫ್ಯಾನ್ ಚಕ್ರದ ಒಳಗೆ ಟಾರ್ಚ್ ಬಿಟ್ಟು ನೋಡಿ. ನಿಮ್ಮ ಕಾಲದ ಎಷ್ಟೋ ಕಾರುಗಳಿಗೆ ಕ್ಯಾಬಿನ್ ಫಿಲ್ಟರೇ ಇಲ್ಲ. ಬೇವಿನ ಮರದ ಕೆಳಗೆ ನಿಲ್ಲಿಸುವವರಾದರೆ ಗಾಜಿನ ಮುಂದಿನ ಜಾಲರಿಯಿಂದ ಎಲೆ ನೇರವಾಗಿ ಒಳಗೆ ಇಳಿಯುತ್ತದೆ. ಇಲಿ ಗೂಡು ಕಟ್ಟಿದ್ದರೆ ಕೈ ಹಾಕುವ ಮೊದಲು ಗ್ಲೌಸ್, ಮಾಸ್ಕ್ ಹಾಕಿ, ವಯರುಗಳನ್ನೂ ಪೂರ್ತಿ ನೋಡಿಬಿಡಿ.

ಕಡೆಗೂ ಮೋಟರೇ ಬದಲಿಸಬೇಕಾಗಿ ಬಂದು ಗುಜರಿಯಿಂದ ತಂದರೆ, ಅಂಗಡಿಯಲ್ಲೇ ಬ್ಯಾಟರಿಗೆ ಕೊಟ್ಟು ಐದು ನಿಮಿಷ ಓಡಿಸಿ, ಕಿರಗುಟ್ಟುತ್ತದಾ ಕೇಳಿ. ತಿರುಗುವ ದಿಕ್ಕು ನಿಮ್ಮ ಹಳೆಯದರಂತೆಯೇ ಇದೆಯಾ ನೋಡಿ. ವಯರ್ ಅದಲು ಬದಲಾಗಿ ಚಕ್ರ ಉಲ್ಟಾ ತಿರುಗಿದರೂ ಈ ಥರದ ಫ್ಯಾನಿನಿಂದ ಗಾಳಿ ಬರುತ್ತದೆ, ಆದರೆ ತೀರಾ ಕಮ್ಮಿ. ಅದು ಗೊತ್ತಾಗದೆ ಗ್ಯಾಸ್ ತುಂಬಿಸಲು ಓಡಾಡಬೇಕಾಗುತ್ತದೆ.