ರಾಜಕಾರಣಿ ದಂಪತಿಯ ಧಾರಾವಾಹಿ: ಪ್ರೀತಿಯೋ, ಒಪ್ಪಂದವೋ?

ಗಂಡ ಹೆಂಡತಿ ಇಬ್ಬರೂ ರಾಜಕಾರಣಿಗಳಾಗಿರುವ ಧಾರಾವಾಹಿಯಲ್ಲಿ ಅವರ ದಾಂಪತ್ಯವನ್ನು ಪ್ರೀತಿಯೆಂದು ತೋರಿಸಬೇಕೋ, ಅಧಿಕಾರದ ಒಪ್ಪಂದವೆಂದು ತೋರಿಸಬೇಕೋ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ನಾನು ನಾಲ್ಕು ತಿಂಗಳು ಸಂಭಾಷಣೆ ಬರೆದು, ಕೊನೆಗೆ ಕೆಲಸ ಕಳೆದುಕೊಂಡೆ.

ನಮ್ಮ ಕಥೆಯಲ್ಲಿ ಗಂಡ ಶಾಸಕ, ಹೆಂಡತಿ ಅಲ್ಲಿಯದೇ ಜಿಲ್ಲಾ ಪಂಚಾಯಿತಿಯ ಅಧ್ಯಕ್ಷೆ. ಕರ್ನಾಟಕದಲ್ಲಿ ಆಯಾ ಜಿಲ್ಲೆಯ ಶಾಸಕರೂ ಜಿಲ್ಲಾ ಪಂಚಾಯಿತಿಯ ಸದಸ್ಯರಾಗಿರುವುದರಿಂದ, ಮನೆಯಲ್ಲಿ ‘ಲೇ’ ಎಂದು ಕೂಗುವ ಗಂಡ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ‘ಮಾನ್ಯ ಅಧ್ಯಕ್ಷರೇ’ ಎನ್ನಬೇಕಾಗುತ್ತದೆ. ಇಡೀ ಧಾರಾವಾಹಿ ಆ ಎರಡು ಸಂಬೋಧನೆಗಳ ನಡುವೆ ಇತ್ತು. ನಾನು ಅದನ್ನು ಒಂದು ನಗೆಯ ದೃಶ್ಯಕ್ಕೆ ಬಳಸಿ ಮುಗಿಸಿಬಿಟ್ಟೆ.

ನಿಜವಾದ ತಪ್ಪು ಅದರ ನಂತರದ್ದು. ಒಂದು ರಾತ್ರಿ ಗಂಡ ತನ್ನ ಬೆಂಬಲಿಗರ ಎದುರಿನಲ್ಲೇ ಅವಳಿಗೆ ‘ಒಳಗೆ ಹೋಗಿ ಕಾಫಿ ಕಳಿಸು’ ಎನ್ನುತ್ತಾನೆ. ಮರುದಿನ ಸಭೆಯಲ್ಲಿ ಅವಳು ಅವನ ತಾಲ್ಲೂಕಿನ ಕುಡಿಯುವ ನೀರಿನ ಕ್ರಿಯಾಯೋಜನೆಯನ್ನು ಬದಿಗಿಡುತ್ತಾಳೆ. ನಿರ್ದೇಶಕರು ಚಪ್ಪಾಳೆ ತಟ್ಟಿದರು. ನನಗೂ ಆ ವಾರ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಆ ದಿನದಿಂದ ಅವಳು ಏನು ಮಾಡಿದರೂ ನೋಡುಗರು ಕೇಳಿಕೊಳ್ಳುತ್ತಿದ್ದುದು ಒಂದೇ ಮಾತು: ನಿನ್ನೆ ರಾತ್ರಿ ಅವನು ಏನೆಂದನೋ! ಕೊಳವೆಬಾವಿಯ ಸುಳ್ಳು ಬಿಲ್ಲುಗಳನ್ನು ಅವಳು ಹಿಡಿದು ಎಂಜಿನಿಯರನ್ನು ಪ್ರಶ್ನಿಸಿದ ಕಂತೂ ಮುನಿಸಿನ ಮುಂದುವರಿಕೆಯಂತೆಯೇ ಕಂಡಿತು. ಅವಳಿಗೆ ಸದಸ್ಯರನ್ನು ಒಪ್ಪಿಸುವ ಕಷ್ಟವಿಲ್ಲ, ಪಂಚಾಯಿತಿಯ ಮುಖ್ಯ ಅಧಿಕಾರಿಯಾದ ಸಿಇಒ ಜೊತೆ ವಾದವಿಲ್ಲ, ಬರ ಬಿದ್ದ ಊರಿನಿಂದ ಬಂದು ಕೂತವರ ಒತ್ತಡವಿಲ್ಲ. ಇದ್ದದ್ದು ಒಂದು ಲೋಟ ಕಾಫಿಯ ಸಿಟ್ಟು ಮಾತ್ರ. ಹಿಂದೆ ಜಿಲ್ಲಾ ಪಂಚಾಯಿತಿ ಸದಸ್ಯೆಯಾಗಿದ್ದ ಪರಿಚಿತರೊಬ್ಬರಿಗೆ ಆ ದೃಶ್ಯವನ್ನು ಓದಿ ಹೇಳಿದಾಗ ಅವರು, “ನಿಮ್ಮ ಅಧ್ಯಕ್ಷೆಗೆ ಮತದಾರರೇ ಇಲ್ವಲ್ಲ ಸಾರ್” ಎಂದರು. ಅಷ್ಟು ಹೊತ್ತಿಗೆ ತಡವಾಗಿತ್ತು. ಜಗಳವೇ ಕಥೆಯಾದ ಮೇಲೆ ರಾಜಕೀಯ ಯಾತಕ್ಕೆ ಎಂದು ವಾಹಿನಿಯವರು ಕೇಳಿದರು, ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಸಭಾಂಗಣದ ಸೆಟ್ ಕಳಚಿ ದೇವರಮನೆ ಕಟ್ಟಿದರು, ಅತ್ತೆಯ ಪಾತ್ರ ಬಂತು, ನಾನು ಹೋದೆ.

ಮನೆಯ ಸಿಟ್ಟನ್ನು ನಾನು ಸಭೆಗೆ ಕಳಿಸಿದ್ದೆ, ಆದರೆ ಅಂಥ ಮನೆಗಳಲ್ಲಿ ದಾರಿ ಹೆಚ್ಚಾಗಿ ತಿರುಗುಮುರುಗು ಎಂಬುದು ನನಗೆ ಹಳೆಯ ದಂಪತಿಗಳ ಬದುಕನ್ನು ಓದಿದ ಮೇಲೆ ತಿಳಿಯಿತು. ಕೇರಳದ ಕೆ.ಆರ್. ಗೌರಿ ಮತ್ತು ಟಿ.ವಿ. ಥಾಮಸ್ 1957ರ ಮೊದಲ ಕಮ್ಯುನಿಸ್ಟ್ ಸಂಪುಟದಲ್ಲಿ ಇಬ್ಬರೂ ಮಂತ್ರಿಗಳು. ಮದುವೆಯಾದದ್ದೂ ಅದೇ ವರ್ಷ. 1964ರಲ್ಲಿ ಪಕ್ಷ ಒಡೆದಾಗ ಥಾಮಸ್ ಸಿಪಿಐನಲ್ಲಿ ಉಳಿದರು, ಗೌರಿ ಸಿಪಿಎಂಗೆ ಹೋದರು, ಮನೆಯೂ ಒಡೆಯಿತು. 1967ರಲ್ಲಿ ಮತ್ತೆ ಒಂದೇ ಸಂಪುಟದಲ್ಲಿ, ಈ ಸಲ ಎರಡು ಪಕ್ಷಗಳ ಮಂತ್ರಿಗಳಾಗಿ ಕೂತರು. ಆ ಸಂಪುಟ ಸಭೆಯ ಒಂದು ದೃಶ್ಯಕ್ಕಾಗಿ ನಾನು ನನ್ನ ಅಷ್ಟೂ ಕಂತುಗಳನ್ನು ಬಿಟ್ಟುಕೊಡುತ್ತೇನೆ.

ಇನ್ನು ಕೃಪಲಾನಿ ದಂಪತಿಯನ್ನು ನೋಡಿ. 1963ರ ಆಗಸ್ಟಿನಲ್ಲಿ ಜೆ.ಬಿ. ಕೃಪಲಾನಿಯವರು ನೆಹರೂ ಸರ್ಕಾರದ ವಿರುದ್ಧ ಲೋಕಸಭೆಯ ಮೊತ್ತಮೊದಲ ಅವಿಶ್ವಾಸ ನಿರ್ಣಯವನ್ನು ಮಂಡಿಸಿದರು. ಅಕ್ಟೋಬರಿನಲ್ಲಿ ಅವರ ಪತ್ನಿ ಸುಚೇತಾ ಅದೇ ನೆಹರೂ ಅವರ ಕಾಂಗ್ರೆಸ್ಸಿನಿಂದ ಉತ್ತರ ಪ್ರದೇಶದ ಮುಖ್ಯಮಂತ್ರಿಯಾದರು. ಗಾಂಧೀಜಿಯವರ ವಿರೋಧವಿದ್ದರೂ 1936ರಲ್ಲಿ ಆದ ಆ ಮದುವೆ ಇದಕ್ಕೆಲ್ಲ ಮುರಿಯಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ಸಮಾಜವಾದಿ ನಾಯಕ ಮಧು ದಂಡವತೆ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ, ಅಂದರೆ ಇಂದಿನ ಫ್ರೀಡಂ ಪಾರ್ಕಿನ ಜಾಗದಲ್ಲಿ, ಪತ್ನಿ ಪ್ರಮೀಳಾ ದಂಡವತೆ ಪುಣೆಯ ಯೆರವಡಾ ಜೈಲಿನಲ್ಲಿ. ಅವರ ದಾಂಪತ್ಯ ಆಗ ಪತ್ರಗಳಲ್ಲಿ ನಡೆಯಿತು. ಇವುಗಳಲ್ಲಿ ಯಾವುದು ಪ್ರೀತಿ, ಯಾವುದು ಒಪ್ಪಂದ ಎಂದು ನೀವು ವಿಂಗಡಿಸಬಲ್ಲಿರಾ? ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ಕೈಬಿಡಿ ಎನ್ನುತ್ತೇನೆ.

ಬದಲಿಗೆ ಇಬ್ಬರಿಗೂ ಬೇರೆ ಬೇರೆ ಮತದಾರರನ್ನು ಕೊಡಿ. ಊಟಕ್ಕೆ ಕೂತಾಗ ಯಾರಿಗೆ ಏನು ಗೊತ್ತಿದೆ, ಯಾರು ಏನನ್ನು ಹೇಳುವಂತಿಲ್ಲ ಎಂಬುದನ್ನು ಮೊದಲು ಬರೆದುಕೊಳ್ಳಿ. ಖಾಲಿ ಕೋಣೆಯಲ್ಲಿ ಕೂಗಾಡಿಸಬೇಡಿ. ರಾಜಕಾರಣಿಯ ಮನೆ ಖಾಲಿ ಇರುವುದಿಲ್ಲ, ಜಗಲಿಯಲ್ಲಿ ಅರ್ಜಿ ಹಿಡಿದವರು, ಬಾಗಿಲಲ್ಲಿ ಗನ್‌ಮ್ಯಾನ್, ಫೋನಿನಲ್ಲಿ ಪಿಎ ಇದ್ದೇ ಇರುತ್ತಾರೆ, ಅಲ್ಲಿ ಜಗಳವೂ ಮೆಲ್ಲಗೇ ಆಗಬೇಕು.

ನನ್ನ ಆ ದೃಶ್ಯವನ್ನು ಈಗ ಹೀಗೆ ಬರೆದಿಟ್ಟುಕೊಂಡಿದ್ದೇನೆ. ಬರದ ತಾಲ್ಲೂಕಿಗೆ ನೀರಿನ ಹಣ ತಿರುಗಿಸಲು ಅವಳು ನಿರ್ಧರಿಸಿಯಾಗಿದೆ. ರಾತ್ರಿ ಊಟದಲ್ಲಿ ಅವನು, “ನಾಳೆ ನಮ್ಮದು ಎಷ್ಟನೇ ವಿಷಯ?” ಎಂದು ಕೇಳುತ್ತಾನೆ. ಅವಳು, “ಅಜೆಂಡಾ ಸಿಇಒ ಹತ್ರ ಇದೆ ರೀ. ಸಾರು ಹಾಕ್ಲಾ?” ಎನ್ನುತ್ತಾಳೆ. ಅವನಿಗೆ ಅರ್ಥವಾಗುತ್ತದೆ, ಸುಮ್ಮನೆ ತಟ್ಟೆ ಮುಂದೆ ಹಿಡಿಯುತ್ತಾನೆ. ಮರುದಿನ ಸಭೆಯಲ್ಲಿ ಅವನು ಎದ್ದು ‘ಮಾನ್ಯ ಅಧ್ಯಕ್ಷರೇ’ ಎನ್ನುವಾಗ ಈಗ ಯಾರೂ ನಗಲಾರರು. ಅತ್ತೆಯ ಪಾತ್ರ ಎಲ್ಲಿ ಎಂದು ಕೇಳಿ ಒಂದು ವಾಹಿನಿ ಅದನ್ನು ಈಗಾಗಲೇ ಹಿಂದಿರುಗಿಸಿದೆ.