ಈಗಷ್ಟೇ ಸೈಕ್ಲಿಂಗ್ ಶುರು ಮಾಡಿದ್ದೇನೆ. ಕ್ಲಿಪ್ ಆಗುವ ಶೂ, ಪೆಡಲ್ ಈಗಲೇ ಬೇಕಾ?

ಈಗಲೇ ಬೇಡ. ಅಗಲವಾದ ಫ್ಲ್ಯಾಟ್ ಪೆಡಲ್, ಅಡಿ ಗಟ್ಟಿಯಿರುವ ಮಾಮೂಲಿ ಶೂ ಸಾಕು. ರನ್ನಿಂಗ್ ಶೂವಿನ ಮೆತ್ತನೆ ಅಡಿ ಪೆಡಲ್ ಮೇಲೆ ಬಾಗುತ್ತದೆ. ಒತ್ತಡವೆಲ್ಲ ಒಂದೇ ಕಡೆ ಬಿದ್ದು, ದೂರ ಹೋದಾಗ ಪಾದ ಉರಿಯುತ್ತದೆ. ಗಟ್ಟಿ ಅಡಿ ಆ ಒತ್ತಡವನ್ನು ಪಾದದಗಲಕ್ಕೂ ಹಂಚುತ್ತದೆ.

ಮುಂದೆ ಕ್ಲಿಪ್ ಬೇಕು ಅನಿಸಿದರೆ ಎಸ್‌ಪಿಡಿ ಅನ್ನುವ, ಎರಡು ಬೋಲ್ಟಿನ ಬಗೆಯ ಶೂ, ಪೆಡಲ್ ತಗೊಳ್ಳಿ. ಅದರ ಕ್ಲೀಟ್, ಅಂದರೆ ಪೆಡಲಿಗೆ ಸಿಕ್ಕಿಕೊಳ್ಳುವ ಲೋಹದ ತುಂಡು, ಶೂ ಅಡಿಯ ತಗ್ಗಿನಲ್ಲಿ ಅಡಗಿರುತ್ತದೆ. ಕಾಫಿಗೆ ಇಳಿದರೆ ಆರಾಮಾಗಿ ನಡೆಯಬಹುದು. ಮೂರು ಬೋಲ್ಟಿನ ರೋಡ್ ಶೂನಲ್ಲಿ ಬಾತುಕೋಳಿ ನಡಿಗೆಯೇ ಗತಿ.

ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಪೆಡಲಿನ ಸ್ಪ್ರಿಂಗ್ ಸ್ಕ್ರೂ ಆದಷ್ಟು ಸಡಿಲ ಮಾಡಿ, ಗೋಡೆ ಹಿಡಿದು ಅಭ್ಯಾಸ ಮಾಡಿಕೊಳ್ಳಿ. ನಾನು ಮಾಡಲಿಲ್ಲ, ಸಿಗ್ನಲ್‌ನಲ್ಲಿ ನಿಂತಲ್ಲೇ ಧೊಪ್ಪೆಂದು ಬಿದ್ದೆ.