ಸ್ಕೈಡೈವಿಂಗ್ ಟೀವಿಯಲ್ಲಿ ಯಾಕೆ ಓಡುವುದಿಲ್ಲ?

ಪ್ರಶ್ನೆ: ವಿಮಾನದಿಂದ ಜಿಗಿಯುವ ಸ್ಕೈಡೈವಿಂಗ್ ಇಷ್ಟು ಮೈ ಜುಮ್ಮೆನಿಸುವ ಆಟ. ಆದರೂ ಟೀವಿಯಲ್ಲಿ ಯಾಕೆ ಅಪರೂಪ? ಜನ ಕೂತು ನೋಡುವಂತೆ ಮಾಡಲು ಆಗುವುದಿಲ್ಲವೇ?

ಉತ್ತರ: ಜುಮ್ಮೆನ್ನುವುದು ಜಿಗಿಯುವವರಿಗೆ, ನೋಡುವವರಿಗಲ್ಲ. ತೊಂದರೆ ಇರುವುದೇ ಅಲ್ಲಿ. ನೆಲದಿಂದ ಕಾಣುವುದು ಒಂದಿಷ್ಟು ಚುಕ್ಕೆ, ಅಷ್ಟೇ. ಜೊತೆಗೇ ಜಿಗಿಯುವ ಕ್ಯಾಮೆರಾದವರು ಹತ್ತಿರದಿಂದ ತೋರಿಸುತ್ತಾರೆ ನಿಜ, ಆದರೆ ಹಿಂದೆ ಬರೀ ಆಕಾಶ ಇರುವುದರಿಂದ ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿ ಬೀಳುತ್ತಿದ್ದರೂ ಸುಮ್ನೆ ತೇಲುತ್ತಿದ್ದಾರೆ ಅನಿಸುತ್ತದೆ.

ನಾಲ್ವರ ಫಾರ್ಮೇಷನ್ ಸ್ಪರ್ಧೆಯನ್ನೇ ನೋಡಿ. 35 ಸೆಕೆಂಡಿನಲ್ಲಿ ಒಬ್ಬರನ್ನೊಬ್ಬರು ಹಿಡಿದು, ಬಿಟ್ಟು, ಮತ್ತೆ ಹಿಡಿದು ಎಷ್ಟು ಆಕಾರ ಸರಿಯಾಗಿ ಮಾಡಿದರೋ ಅಷ್ಟು ಅಂಕ. ಯಾವುದು ಸರಿ, ಯಾವುದು ತಪ್ಪು ಅಂತ ನಮಗೆ ಹೇಗೆ ಗೊತ್ತಾಗಬೇಕು? ಪರದೆ ಮೇಲೆ ಮುಂದಿನ ಆಕಾರದ ಗೆರೆಚಿತ್ರ, ಓಡುವ ಗಡಿಯಾರ, ಏರುವ ಅಂಕ ಹಾಕಿ, ಪಕ್ಕದಲ್ಲೇ ಎದುರಾಳಿ ತಂಡದ ಜಿಗಿತವನ್ನೂ ತೋರಿಸಿದರೆ ಅದು ಓಟದ ಪಂದ್ಯದಂತೆ ಆಗುತ್ತದೆ.

ನನ್ನ ಓಟು ಮಾತ್ರ ಸ್ವೂಪಿಂಗ್‌ಗೆ. ಪ್ಯಾರಾಚೂಟ್ ಬಿಚ್ಚಿಕೊಂಡ ಮೇಲೂ ರಭಸದಿಂದ ಇಳಿದು, ಕೊಳದ ನೀರಿಗೆ ಕಾಲು ತಾಗಿಸಿಕೊಂಡು ಗೇಟುಗಳ ನಡುವೆ ನುಗ್ಗುತ್ತಾರೆ. ಎಲ್ಲ ಕಣ್ಣೆದುರೇ. ತಪ್ಪಿದರೆ ದುಡುಂ ಅಂತ ಕೊಳಕ್ಕೆ!

ಒಂಟಿ ಸಾಹಸವಾದರೆ ಜನ ಬಂದೇ ಬರುತ್ತಾರೆ. 2012ರಲ್ಲಿ ಆಸ್ಟ್ರಿಯಾದ ಸ್ಕೈಡೈವರ್ ಫೆಲಿಕ್ಸ್ ಬಾಮ್‌ಗಾರ್ಟ್ನರ್ ಸುಮಾರು 39 ಕಿ.ಮೀ. ಎತ್ತರದಿಂದ ಜಿಗಿದದ್ದನ್ನು ಯೂಟ್ಯೂಬ್‌ನಲ್ಲಿ ಒಂದೇ ಹೊತ್ತಿಗೆ ಸುಮಾರು 80 ಲಕ್ಷ ಮಂದಿ ನೇರವಾಗಿ ನೋಡಿದರು. ಆದರೆ ಅಂಥದ್ದನ್ನು ವಾರವಾರ ಮಾಡಲಾಗುವುದಿಲ್ಲ, ಅಲ್ವಾ?